ಕಡಲಡಿಯ ಕೆಸರೂ ಪರದೇಶದ ಹುಳುವೂ

ಎರೆಹುಳುವನ್ನು ಕಾಣದ ವಿದ್ಯಾರ್ಥಿನಿಯು ನಮ್ಮಲ್ಲಿ ಇರಲಾರಳು. ಮೊದಲ ಮಳೆ ಬಿದ್ದೊಡನೆ ಅಂಗಳದ ಅಂಚಿನಲ್ಲಿಯೂ ಬಾಳೆಯ ಬುಡದಲ್ಲಿಯೂ ಅದು ಮಣ್ಣಿನ ಸಣ್ಣ ಸಣ್ಣ ಕುಪ್ಪೆಗಳನ್ನು ಹಾಕಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಪ್ರಾಣಿಶಾಸ್ತ್ರದ ತರಗತಿಯಲ್ಲಿ ಅದನ್ನು ಕೈಯಲ್ಲಿ ಹಿಡಿಯಿರೆಂದಾಗ ಮೂಗು ಮುರಿಯುವ ಬಾಲೆಯರೂ ಸಹ, ಅದು ಒಕ್ಕಲಿಗನ ಮಿತ್ರನೆಂಬ ಮಾತನ್ನು ಪರೀಕ್ಷೆಯ ಕಾಗದದಲ್ಲಿ ಬರೆಯಲು ಮರೆಯುವುದಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ನನು ತನ್ನ ಮುಪ್ಪಿನ ಕಾಲದಲ್ಲಿ, 1881ರಲ್ಲಿ, ಎರೆಹುಳುಗಳನ್ನು ಕುರಿತೇ ಒಂದು ಪುಸ್ತಕವನ್ನು ಪ್ರಕಟಿಸಿದನು. ಆ ದೇಶದ ಅನೇಕ ಕಡೆಗಳಲ್ಲಿ ಎಕರೆಯೊಂದಕ್ಕೆ ವರ್ಷಕ್ಕೆ 10 ಟನ್ನಿಗಿಂತ ಹೆಚ್ಚು ಮಣ್ಣು ಈ ಹುಳುಗಳ ಹೊಟ್ಟೆಯ ಮೂಲಕ ಹಾದು ಹೊರಬೀಳುವುದೆಂದು ಅವನು ಲೆಕ್ಕ ಹಾಕಿದನು. ನೇಗಿಲು ಹುಟ್ಟುವ ಮೊದಲೇ ಭೂಮಿಯನ್ನು ಉಳುತ್ತಿದ್ದವು ಈ ಹುಳುಗಳೇ.

ಆದರೆ ಉಳುಮೆಯು ನೆಲದ ಮೇಲೆ ಮಾತ್ರ ನಡೆಯುವುದೆಂದು ತಿಳಿದರೆ ತಪ್ಪಾದೀತು. ಕಡಲಿನ ತಳದಲ್ಲಿ ಹಾಸಿಕೊಂಡಿರುವ ಕೆಸರಿನಲ್ಲಿಯೂ ಎರೆಹುಳುವಿನ ದೂರದ ನೆಂಟರು ಹಗಲಿರುಳೂ ದುಡಿಯುತ್ತಿರುವರು. ದೇಹದ ಒಂದೊಂದು ಉಂಗುರದ ಇಕ್ಕೆಲಗಳಲ್ಲಿಯೂ ಬಿರುಗೂದಲುಗಳನ್ನು ಹೊತ್ತ ಈ ಹುಳುಗಳಿಗೆ ಬಹುರೋಮಿಗಳೆಂದು ಹೆಸರು. ಇವುಗಳಲ್ಲಿ ಒಂದು ಕುಲದ ಹುಳುವು ತನ್ನದಲ್ಲದ ಒಂದು ಸಮುದ್ರವನ್ನು ಹೊಕ್ಕು, ಅಲ್ಲಿಯ ಕೆಸರಿನ ವ್ಯವಹಾರವನ್ನೇ ಮಾರ್ಪಡಿಸಿದ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿರುವೆವು. ಅದಕ್ಕೆ ಮುಂಚೆ ಕೆಸರು ಎಂದರೇನೆಂಬುದನ್ನು ಸ್ವಲ್ಪ ನೋಡೋಣ. ಏಕೆಂದರೆ ಕೆಸರನ್ನು ತಿಳಿಯದೆ ಹುಳುವಿನ ಕೆಲಸವು ತಿಳಿಯುವಂತಿಲ್ಲ.

ನಮ್ಮ ಕರಾವಳಿಯ ಅಳಿವೆಗಳಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಕಾಲಿಟ್ಟವರಿಗೆ ಎರಡು ವಿಷಯಗಳು ನೆನಪಿರುವುವು. ಮೇಲ್ಮೈಯ ಕೆಸರು ಕಂದುಬಣ್ಣದ್ದು. ಕಾಲು ಹುಗಿದೊಡನೆ ಒಳಗಿನಿಂದ ಕಾಡಿಗೆಯಂತೆ ಕಪ್ಪಾದ ಕೆಸರು ಮೇಲೇಳುವುದು. ಅದರೊಡನೆ ಕೊಳೆತ ಮೊಟ್ಟೆಯ ವಾಸನೆಯೂ ಏಳುವುದು. ಇವೆರಡಕ್ಕೂ ಕಾರಣವೊಂದೇ. ಸತ್ತ ಸಸ್ಯಗಳ, ಪ್ರಾಣಿಗಳ ಅವಶೇಷಗಳು ಕೆಸರಿನಲ್ಲಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಉಪಯೋಗಿಸಿ ಮುಗಿಸಿಬಿಡುವುವು. ಮೇಲಿನ ನೀರಿನಿಂದ ಇಳಿದು ಬರುವ ಆಮ್ಲಜನಕವು ಇಂಥ ಮೆತ್ತನೆಯ ಕೆಸರಿನಲ್ಲಿ ಕೆಲವು ಮಿಲಿಮೀಟರುಗಳಿಗಿಂತ ಆಳಕ್ಕೆ ಹೋಗಲಾರದು. ಅದರ ಕೆಳಗೆ ವಾಸಿಸುವ ಸೂಕ್ಷ್ಮಜೀವಿಗಳು ಸಮುದ್ರದ ನೀರಿನಲ್ಲಿ ಧಾರಾಳವಾಗಿರುವ ಗಂಧಕದ ಲವಣಗಳನ್ನು ಉಪಯೋಗಿಸಿಕೊಂಡು ಉಸಿರಾಡುವುವು. ಹಾಗೆ ಮಾಡಿದಾಗ ಹುಟ್ಟುವ ವಿಷವಾಯುವೇ ಆ ದುರ್ವಾಸನೆಗೆ ಮೂಲ. ಅದು ಕಬ್ಬಿಣದೊಡನೆ ಕೂಡಿದಾಗ ಕೆಸರು ಕಪ್ಪಾಗುವುದು.

ಇಲ್ಲಿ ಕಬ್ಬಿಣದ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಆಮ್ಲಜನಕವಿರುವ ಕಡೆ ಕಬ್ಬಿಣವು ತುಕ್ಕಾಗಿರುವುದು. ಈ ತುಕ್ಕಿಗೆ ಒಂದು ವಿಶೇಷ ಗುಣವಿದೆ: ಗಿಡಗಳಿಗೆ ಆಹಾರವಾದ ರಂಜಕದ ಲವಣವನ್ನು ಅದು ಗಟ್ಟಿಯಾಗಿ ಹಿಡಿದುಕೊಳ್ಳುವುದು. ಆಮ್ಲಜನಕವು ಮುಗಿದೊಡನೆ ತುಕ್ಕು ಕರಗುವುದು, ಹಿಡಿತವು ಸಡಿಲುವುದು, ರಂಜಕವು ಬಿಡುಗಡೆಯಾಗಿ ಮೇಲಿನ ನೀರಿಗೆ ಸೇರುವುದು. ಜರ್ಮನಿಯ ಐನ್ಸೆಲೆ ಎಂಬ ವಿಜ್ಞಾನಿಯು 1936ರಲ್ಲಿ, ಇಂಗ್ಲೆಂಡಿನ ಸರೋವರಗಳನ್ನು ಪರೀಕ್ಷಿಸಿದ ಮಾರ್ಟಿಮರ್ ಎಂಬವರು 1941ರಲ್ಲಿ ಈ ಸಂಬಂಧವನ್ನು ವಿವರಿಸಿದರು. ಆದುದರಿಂದ ಕೆಸರಿನ ಮೇಲಿನ ಕಂದು ಪದರವು ಒಂದು ಮುಚ್ಚಳದಂತೆ. ಅದು ಇರುವ ತನಕ ರಂಜಕವು ಒಳಗೆ ಉಳಿಯುವುದು.

ಹಳ್ಳಿಯಿಂದ ಬರುವ ವಿದ್ಯಾರ್ಥಿನಿಯರು ಇದರ ಒಂದು ಮಾದರಿಯನ್ನು ಗದ್ದೆಯಲ್ಲಿಯೇ ನೋಡಬಹುದು. ನೀರು ನಿಂತ ಗದ್ದೆಯಿಂದ ಬೆಳೆದ ಭತ್ತದ ಒಂದು ಬುಡವನ್ನು ಮೆಲ್ಲನೆ ಕಿತ್ತು ತೊಳೆದರೆ, ಸುತ್ತಲಿನ ಕೆಸರು ಕಪ್ಪಾಗಿದ್ದರೂ ಬೇರುಗಳ ಮೇಲೆ ಕೆಂಗಂದು ಬಣ್ಣದ ಲೇಪವು ಹಿಡಿದಿರುವುದು. ಭತ್ತದ ಗಿಡವು ಎಲೆಗಳಿಂದ ಗಾಳಿಯನ್ನು ಬೇರಿಗೆ ಇಳಿಸುವುದು. ಬೇರಿನಿಂದ ಅದರ ಸ್ವಲ್ಪ ಭಾಗವು ಕೆಸರಿಗೆ ಸೋರಿ, ಅಲ್ಲಿದ್ದ ಕಬ್ಬಿಣವನ್ನು ತುಕ್ಕಾಗಿಸುವುದು. ಕಪ್ಪು ಕೆಸರಿನ ನಡುವೆ ತುಕ್ಕಿನ ಈ ಕೊಳವೆಯನ್ನು ನಮ್ಮ ವಾಚಕಿಯರು ಮನಸ್ಸಿನಲ್ಲಿಟ್ಟುಕೊಳ್ಳಲಿ. ಮುಂದೆ ಹುಳುವಿನ ಬಿಲವನ್ನು ವರ್ಣಿಸುವಾಗ ಅದು ಉಪಯೋಗಕ್ಕೆ ಬರುವುದು.

ಈಗ ನಾವು ಹೇಳಹೊರಟ ಸಮುದ್ರಕ್ಕೆ ಹೋಗೋಣ. ಯೂರೋಪಿನ ಉತ್ತರದಲ್ಲಿ ಸ್ವೀಡನ್, ಫಿನ್ಲೆಂಡ್, ರಷ್ಯ, ಪೋಲೆಂಡ್, ಜರ್ಮನಿ ಮೊದಲಾದ ಒಂಬತ್ತು ದೇಶಗಳ ನಡುವೆ ಬಾಲ್ಟಿಕ್ ಸಮುದ್ರವಿದೆ. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಸುಮಾರು ಎರಡರಷ್ಟು. ಡೆನ್ಮಾರ್ಕಿನ ಬಳಿಯ ಇಕ್ಕಟ್ಟಾದ ಜಲಸಂಧಿಗಳ ಹೊರತು ಮಹಾಸಾಗರಕ್ಕೆ ಅದಕ್ಕೆ ಸಹಜವಾದ ಬಾಗಿಲಿಲ್ಲ. ನೂರಾರು ನದಿಗಳು ಸಿಹಿನೀರನ್ನು ತಂದು ಸುರಿಯುವುದರಿಂದ ಅದರ ನೀರು ಅರೆ ಉಪ್ಪು. ಮಹಾಸಾಗರದ ಒಂದು ಕಿಲೋ ನೀರಿನಲ್ಲಿ 35 ಗ್ರಾಂ ಉಪ್ಪಿದ್ದರೆ ಬಾಲ್ಟಿಕ್ಕಿನ ನಡುಭಾಗದ ಮೇಲ್ಮೈಯಲ್ಲಿ ಸುಮಾರು 7 ಗ್ರಾಂ, ಉತ್ತರದ ತುದಿಯಲ್ಲಿ 2 ಅಥವಾ 3 ಗ್ರಾಂ ಮಾತ್ರ ಇರುವುದು. ಜಲಸಂಧಿಗಳ ಮೂಲಕ ಆಗಾಗ ನುಗ್ಗಿ ಬರುವ ಉಪ್ಪುನೀರು ಭಾರವಾದುದರಿಂದ ತಳಕ್ಕೆ ಇಳಿದು ಅಲ್ಲಿಯೇ ನಿಲ್ಲುವುದು. ಮೇಲಿನ ಹಗುರವಾದ ನೀರಿನೊಡನೆ ಅದು ಸುಲಭವಾಗಿ ಬೆರೆಯದು. ಹೀಗಾಗಿ ಆಳದ ನೀರಿಗೆ ಗಾಳಿಯ ಸ್ಪರ್ಶವೇ ಅಪರೂಪ.

ಇಪ್ಪತ್ತನೆಯ ಶತಮಾನದಲ್ಲಿ ಆ ದೇಶಗಳ ಪಟ್ಟಣಗಳ ಕೊಳಚೆಯೂ ಹೊಲಗಳ ರಸಗೊಬ್ಬರವೂ ಈ ಸಮುದ್ರವನ್ನು ಸೇರಿದುವು. ಅದರಿಂದ ನೀರಿನಲ್ಲಿ ಪಾಚಿಯು ಹೇರಳವಾಗಿ ಬೆಳೆಯಿತು, ಸತ್ತ ಪಾಚಿಯು ತಳಕ್ಕಿಳಿದು ಕೊಳೆಯಿತು, ಇದ್ದ ಅಲ್ಪ ಆಮ್ಲಜನಕವೂ ಮುಗಿಯಿತು, ಕೆಸರಿನ ಮುಚ್ಚಳವು ಕರಗಿತು, ರಂಜಕವು ಹೊರಬಂದಿತು, ಅದನ್ನು ಉಂಡು ಮತ್ತಷ್ಟು ಪಾಚಿ ಬೆಳೆಯಿತು. ಅದರಲ್ಲಿಯೂ ನೀಲಿಹಸುರು ಪಾಚಿಗಳಿಗೆ ಇದು ಹಬ್ಬವೇ ಆಯಿತು. ಅವುಗಳಲ್ಲಿ ಕೆಲವು, ನಮ್ಮ ಅವರೆ, ಹುರುಳಿ ಗಿಡಗಳ ಬೇರಿನ ಗಂಟುಗಳಲ್ಲಿರುವ ಜೀವಿಗಳಂತೆ, ಗಾಳಿಯಿಂದಲೇ ಬಂದ ಸಾರಜನಕವನ್ನು ಹಿಡಿದುಕೊಳ್ಳಬಲ್ಲುವು; ಆದುದರಿಂದ ರಂಜಕವೊಂದು ಸಿಕ್ಕಿದರೆ ಅವುಗಳಿಗೆ ಸಾಕು. ಇತ್ತೀಚಿನ ದಶಕಗಳಲ್ಲಿ ಆ ಸಮುದ್ರದ ತಳದಲ್ಲಿ ಸುಮಾರು 60,000 ಚದರ ಕಿಲೋಮೀಟರಿನಷ್ಟು ನೆಲವು, ಎಂದರೆ ಕರ್ನಾಟಕದ ಸುಮಾರು ಮೂರರಲ್ಲೊಂದು ಪಾಲಿನಷ್ಟು ನೆಲವು, ಉಸಿರು ಕಟ್ಟಿದ ಸ್ಥಿತಿಯಲ್ಲಿದೆ. ಆಳದ ಉಪ್ಪುನೀರಿನಲ್ಲಿ ತೇಲಬೇಕಾದ ಕಾಡ್ ಮೀನಿನ ಮೊಟ್ಟೆಗಳು ಆಮ್ಲಜನಕವಿಲ್ಲದೆ ಸಾಯುವುವು. 2019ರಲ್ಲಿ ಯೂರೋಪಿನ ಒಕ್ಕೂಟವು ಪೂರ್ವ ಬಾಲ್ಟಿಕ್ಕಿನ ಕಾಡ್ ಮೀನುಗಾರಿಕೆಯನ್ನು ನಿಲ್ಲಿಸಬೇಕಾಗಿ ಬಂದಿತು. ಇದಕ್ಕಿದ್ದ ಹಲವು ಕಾರಣಗಳಲ್ಲಿ ತಳದ ಉಸಿರುಕಟ್ಟುವಿಕೆಯೂ ಒಂದು.

ಇಂಥ ಸಮುದ್ರಕ್ಕೆ ನಮ್ಮ ಹುಳುವು ಬಂದುದು 1980ರ ದಶಕದಲ್ಲಿ. 1985ರಲ್ಲಿ ಜರ್ಮನಿಯ ಬಾಲ್ಟಿಕ್ ಕರಾವಳಿಯ ಕೆಸರಿನಲ್ಲಿ ಅದು ಮೊದಲು ಸಿಕ್ಕಿತು. 1990ರಲ್ಲಿ ಫಿನ್ಲೆಂಡಿನ ದಕ್ಷಿಣ ತೀರದಲ್ಲಿ ಕಂಡಿತು. ಆ ದಶಕವು ಮುಗಿಯುವಷ್ಟರಲ್ಲಿ ಉತ್ತರದ ಬೋತ್ನಿಯಾ ಕೊಲ್ಲಿಗೂ ಮುಟ್ಟಿತು. ಇದರ ಕುಲಕ್ಕೆ ಮಾರೆನ್‌ಜೆಲ್ಲೇರಿಯ ಎಂದು ಹೆಸರು. ಮಾರೆನ್‌ಜೆಲ್ಲರ್ ಎಂಬ ಆಸ್ಟ್ರಿಯ ದೇಶದ ಪ್ರಾಣಿಶಾಸ್ತ್ರಜ್ಞರ ನೆನಪಿಗಾಗಿ ಇಟ್ಟುದು. ಹೊಸ ಹುಳುವನ್ನು ಮೊದಲು ವಿರಿಡಿಸ್ ಎಂಬ ಅಮೆರಿಕದ ಜಾತಿಯೆಂದೇ ಎಲ್ಲರೂ ಕರೆದರು. ಆದರೆ ಅದು ಒಂದು ಜಾತಿಯಲ್ಲ, ಅಕ್ಕತಂಗಿಯರಂತೆ ಒಂದನ್ನೊಂದು ಹೋಲುವ ಮೂರು ಜಾತಿಗಳೆಂಬುದು ಮುಂದಿನ ಶತಮಾನದಲ್ಲಷ್ಟೇ ಸ್ಪಷ್ಟವಾಯಿತು. ಅವುಗಳಲ್ಲಿ ಒಂದನ್ನು 2004ರಲ್ಲಿ ಹೊಸದಾಗಿ ವರ್ಣಿಸಿ ನೆಗ್ಲೆಕ್ಟ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ಕಡೆಗಣಿಸಲ್ಪಟ್ಟವಳೆಂದು ಅರ್ಥ. ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಕಣ್ಣೆದುರಿಗೇ ಇದ್ದರೂ ಸುಮಾರು ಎರಡು ದಶಕಗಳ ಕಾಲ ಸರಿಯಾದ ಹೆಸರು ದೊರೆಯದ ಹುಳುವಿಗೆ ಇದಕ್ಕಿಂತ ತಕ್ಕ ಹೆಸರು ಬೇರೆ ಇರಲಾರದೆಂದು ನಮಗೆ ತೋರುವುದು. ಮೂರನೆಯದು ಶೀತಪ್ರದೇಶದ ಆರ್ಕ್ಟಿಯ.

ಇವು ಹೇಗೆ ಬಂದುವು? ಸರಕನ್ನು ಇಳಿಸಿದ ಹಡಗು ಹಗುರವಾಗಿ ಉರುಳಬಾರದೆಂದು ತನ್ನ ಹೊಟ್ಟೆಯ ತೊಟ್ಟಿಗಳಲ್ಲಿ ಬಂದರಿನ ನೀರನ್ನು ತುಂಬಿಕೊಂಡು ಹೊರಡುವುದು. ಮುಂದಿನ ಬಂದರಿನಲ್ಲಿ ಸರಕು ಏರಿಸುವಾಗ ಆ ನೀರನ್ನು ಚೆಲ್ಲುವುದು. ಈ ಹುಳುಗಳ ಮರಿಗಳು ಮೊದಲ ಕೆಲವು ವಾರಗಳನ್ನು ನೀರಿನಲ್ಲಿ ತೇಲುತ್ತಾ ಕಳೆಯುವುವು. ಅಂಥ ಮರಿಗಳು ಹಡಗಿನ ನೀರಿನೊಡನೆ ಬಂದಿರಬೇಕೆಂಬುದೇ ವಿದ್ವಾಂಸರ ಊಹೆ.

ಬೆಳೆದ ಹುಳುವು ಒಂದು ಗೇಣನ್ನು ಮುಟ್ಟದ ಉದ್ದದ್ದು, ಎರಡು ಮಿಲಿಮೀಟರಿನಷ್ಟು ದಪ್ಪದ್ದು. ಬೆನ್ನಿನ ಮೇಲೆ ಕೆಂಪು ಕಿವಿರುಗಳು, ತಲೆಯಲ್ಲಿ ಎರಡು ಉದ್ದನೆಯ ಮೀಸೆಗಳು. ಮೀಸೆಗಳನ್ನು ಬಿಲದ ಬಾಯಿಯಿಂದ ಹೊರಚಾಚಿ ಕೆಸರಿನ ಮೇಲೆ ಬಿದ್ದ ಆಹಾರದ ಕಣಗಳನ್ನು ಬಾಚಿಕೊಳ್ಳುವುದು. ಅನುಕೂಲವಾದ ಕಡೆ ಒಂದು ಚದರ ಮೀಟರಿನಲ್ಲಿ ಇಂಥ ಹುಳುಗಳು ಸಾವಿರಗಟ್ಟಲೆ ಇರುವುವು. ಇವುಗಳ ನಿಜವಾದ ವಿಶೇಷವು ಬಿಲದ ಆಳದಲ್ಲಿದೆ. ಉತ್ತರ ಬಾಲ್ಟಿಕ್ಕಿನ ಸ್ಥಳೀಯ ಪ್ರಾಣಿಗಳು, ಎಂದರೆ ಮೊನೊಪೊರೇಯ ಎಂಬ ಸಿಗಡಿಯ ದೂರದ ನೆಂಟನಾದ ಸಣ್ಣ ಜಂತು, ನಮ್ಮ ಕರಾವಳಿಯ ಮರುವಾಯಿಯನ್ನು ಹೋಲುವ ಒಂದು ಚಿಪ್ಪಿನ ಪ್ರಾಣಿ ಮುಂತಾದುವು, ಮೇಲಿನ ಕೆಲವೇ ಸೆಂಟಿಮೀಟರುಗಳಲ್ಲಿ ಬಾಳುವುವು. ಈ ಪರದೇಶದ ಹುಳುವಾದರೋ 30 ಸೆಂಟಿಮೀಟರಿನವರೆಗೂ ಕೆಳಗಿಳಿಯಬಲ್ಲುದು. ಅಲ್ಲಿಯ ಕೆಸರು ಹಲವು ದಶಕಗಳ ಹಿಂದೆ ಬಿದ್ದು ಹೂತುಹೋದುದು. ಯಾರೂ ತೆರೆಯದೆ ಬಿಟ್ಟ ಹಳೆಯ ಪೆಟ್ಟಿಗೆಯನ್ನು ಈ ಹುಳುವು ತೆರೆಯಿತೆನ್ನಬಹುದು.

ಬಿಲದೊಳಗೆ ಉಸಿರಾಡಬೇಕಾದರೆ ಮೇಲಿನ ನೀರನ್ನು ಒಳಗೆ ಎಳೆದುಕೊಳ್ಳಬೇಕಷ್ಟೆ. ಆ ನೀರಿನೊಡನೆ ಆಮ್ಲಜನಕವು ಆಳಕ್ಕೆ ಇಳಿಯುವುದು. ಬಿಲದ ಗೋಡೆಯ ಸುತ್ತ ಕೆಲವು ಮಿಲಿಮೀಟರುಗಳಷ್ಟು ಕೆಸರು ಕಪ್ಪನ್ನು ಬಿಟ್ಟು ಕಂದಾಗುವುದು. ಭತ್ತದ ಬೇರಿನ ಮೇಲೆ ಕಂಡ ಲೇಪವೇ ಇಲ್ಲಿಯೂ. ಆ ತುಕ್ಕು ರಂಜಕವನ್ನು ಹಿಡಿಯುವುದು. ಒಂದು ಚದರ ಮೀಟರಿನಲ್ಲಿ ಸಾವಿರ ಬಿಲಗಳಿದ್ದರೆ, ರಂಜಕವನ್ನು ಹಿಡಿಯುವ ಗೋಡೆಯ ವಿಸ್ತಾರವು ಎಷ್ಟಾದೀತೆಂಬುದನ್ನು ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿನಿಯರು ತಾವೇ ಲೆಕ್ಕ ಹಾಕಿ ನೋಡಲಿ. ಬಿಲವು 2 ಮಿಲಿಮೀಟರು ಅಗಲ, 20 ಸೆಂಟಿಮೀಟರು ಆಳವೆಂದು ಇಟ್ಟುಕೊಂಡರೆ, ಆ ನೆಲದ ಮೇಲ್ಮೈಗಿಂತಲೂ ಗೋಡೆಗಳ ಮೇಲ್ಮೈಯೇ ಹೆಚ್ಚಾಗುವುದನ್ನು ಕಂಡು ಬೆರಗಾಗುವರು.

ಇಷ್ಟನ್ನೇ ಕೇಳಿದರೆ ಹುಳುವು ಸಮುದ್ರದ ವೈದ್ಯನೇ ಸರಿ ಎನ್ನಬೇಕಾದೀತು. ಆದರೆ ಪ್ರಯೋಗಗಳು ಅಷ್ಟು ಸರಳವಾದ ಉತ್ತರವನ್ನು ಕೊಡಲಿಲ್ಲ. ವಿಜ್ಞಾನಿಗಳು ಪಾರದರ್ಶಕವಾದ ಕೊಳವೆಗಳನ್ನು ಸಮುದ್ರದ ತಳದಲ್ಲಿ ಒತ್ತಿ, ಪದರ ಕಲಕದಂತೆ ಕೆಸರನ್ನು ಮೇಲೆತ್ತಿ, ಕೆಲವು ಕೊಳವೆಗಳಲ್ಲಿ ಹುಳುಗಳನ್ನು ಬಿಟ್ಟು, ಕೆಲವನ್ನು ಹುಳುವಿಲ್ಲದೆ ಇಟ್ಟು, ಕೂದಲಿನಂಥ ಗಾಜಿನ ಸೂಜಿಗಳಿಂದ ಆಮ್ಲಜನಕವನ್ನು ಅಳೆದರು. ಮೇಲಿನ ನೀರನ್ನು ದಿನದಿನವೂ ಪರೀಕ್ಷಿಸಿದರು. ಹಲವು ಸಲ ಕಂಡುದೇನೆಂದರೆ, ಹುಳುವು ಬಿಲ ತೋಡಿದ ಮೊದಲ ದಿನಗಳಲ್ಲಿ ರಂಜಕವು ನೀರಿಗೆ ಕಡಿಮೆಯಾಗಿ ಬರುವ ಬದಲು ಹೆಚ್ಚಾಗಿಯೇ ಬರುವುದು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬಹುಕಾಲದಿಂದ ಆಳದ ಕೆಸರಿನ ಸಂದುಗಳಲ್ಲಿ ರಂಜಕದಿಂದ ತುಂಬಿದ ನೀರು ನಿಂತಿರುವುದು. ಹುಳುವು ಮೇಲಿನ ನೀರನ್ನು ಒಳಗೆ ತಳ್ಳಿದಾಗ ಒಳಗಿನ ನೀರು ಹೊರಬರಲೇಬೇಕು. ತುಕ್ಕಿನ ಗೋಡೆಯು ಕಟ್ಟಿಕೊಳ್ಳಲು ಸಮಯ ಬೇಕು; ಹೊರಚೆಲ್ಲಲು ಸಮಯ ಬೇಡ. ಅಲ್ಲದೆ ಗಂಧಕದ ವಿಷವಾಯುವು ಕಬ್ಬಿಣವನ್ನೆಲ್ಲ ಆಗಲೇ ಹಿಡಿದಿಟ್ಟುಕೊಂಡಿರುವ ಕೆಸರಿನಲ್ಲಿ ರಂಜಕಕ್ಕೆ ಕಬ್ಬಿಣವು ಸುಲಭವಾಗಿ ಮಿಗುವುದಿಲ್ಲ.

ಡೆನ್ಮಾರ್ಕಿನ ಮರಳುಗೂಡಿದ ತಳಗಳಲ್ಲಿ ವಿರಿಡಿಸ್ ಜಾತಿಯನ್ನು ಪರೀಕ್ಷಿಸಿದವರು ಇನ್ನೊಂದು ವಿಷಯವನ್ನು ಕಂಡರು. ಅಲ್ಲಿ ಹಿಂದಿನಿಂದ ಇದ್ದ ಹುಳುವಿನ ಬಿಲಕ್ಕೆ ಎರಡು ಬಾಯಿಗಳಿದ್ದು ನೀರು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡುತ್ತಿದ್ದಿತು. ಹೊಸ ಹುಳುವಿನ ಬಿಲಕ್ಕಾದರೋ ಒಂದೇ ಬಾಯಿ. ಅದು ಒಳಗೆ ತಳ್ಳಿದ ನೀರು ಮರಳಿನ ಸಂದುಗಳಲ್ಲಿ ಹರಿದು, ಆಳದ ವಿಷಯುಕ್ತ ನೀರನ್ನು ಸುತ್ತಲಿನ ನೆಲದ ಮೇಲಕ್ಕೆ ಒತ್ತುವುದು. ಒಂದೇ ಹುಳುವು ತನ್ನ ಬಿಲದ ಬಳಿ ಆಮ್ಲಜನಕವನ್ನು ಕೊಡುವುದು, ನೆರೆಹೊರೆಗೆ ವಿಷವನ್ನು ಹಂಚುವುದು! ಮೂರು ಸೋದರ ಜಾತಿಗಳ ನಡತೆಯೂ ಒಂದೇ ಅಲ್ಲ. ಆರ್ಕ್ಟಿಯವು ಉಳಿದೆರಡರಷ್ಟು ಆಳಕ್ಕೆ ಇಳಿಯುವುದಿಲ್ಲ. ಸಾರಜನಕದ ವಿಷಯದಲ್ಲಿ ಪ್ರಯೋಗಗಳ ಫಲವು ಸ್ಥಳದಿಂದ ಸ್ಥಳಕ್ಕೆ ಬೇರೆಯಾಗಿರುವುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಹಳೆಯ ಪೆಟ್ಟಿಗೆಯೆಂದು ಮೇಲೆ ಹೇಳಿದೆವಷ್ಟೆ. ಅದರೊಳಗೆ ರಂಜಕ ಮಾತ್ರ ಇರಲಿಲ್ಲ. 1950ರಿಂದ 1970ರ ದಶಕದವರೆಗೆ ಡಿ.ಡಿ.ಟಿ. ಮೊದಲಾದ ಕೀಟನಾಶಕಗಳೂ ಕಾರ್ಖಾನೆಗಳ ಕ್ಲೋರಿನ್‌ಯುಕ್ತ ಎಣ್ಣೆಗಳೂ ಈ ಸಮುದ್ರವನ್ನು ಸೇರಿದ್ದುವು. ಆ ಕಾಲದಲ್ಲಿ ಬಿಳಿಬಾಲದ ಕಡಲಹದ್ದಿನ ಮೊಟ್ಟೆಗಳು ಮರಿಯಾಗದೆ ಹೋದುವು. ಸೀಲ್ ಪ್ರಾಣಿಗಳೂ ಬಂಜೆಯಾದುವು. ಆ ವಸ್ತುಗಳನ್ನು ನಿಷೇಧಿಸಿದ ಮೇಲೆ ಹೊಸ ಕೆಸರು ಮೇಲೆ ಬಿದ್ದು ಹಳೆಯ ವಿಷವನ್ನು ಮುಚ್ಚಿತು. ಹದ್ದುಗಳು ಮತ್ತೆ ಹೆಚ್ಚಿದುವು. ಈಗ ಈ ಹುಳುವು ಆ ಪದರಕ್ಕೂ ಮುಟ್ಟುವುದು. ಪ್ರಯೋಗದ ತೊಟ್ಟಿಗಳಲ್ಲಿ ಆಳದಲ್ಲಿ ಹೂತಿಟ್ಟ ಇಂಥ ವಿಷಗಳನ್ನು ಅದು ಮೇಲಿನ ನೀರಿಗೆ ಬಿಡುಗಡೆ ಮಾಡಿದುದು ಕಂಡುಬಂದಿದೆ. ಇಡೀ ಸಮುದ್ರದಲ್ಲಿ ಇದರಿಂದ ಎಷ್ಟು ಕೇಡಾದೀತೆಂಬುದು ಬೇರೆ ಮಾತು. ಆದರೆ ಹೂತುದೆಲ್ಲವೂ ಮುಗಿದುಹೋಯಿತೆಂದು ತಿಳಿಯುವ ಹಾಗಿಲ್ಲ.

2000ದ ಸುಮಾರಿನಲ್ಲಿ ಬೋತ್ನಿಯಾ ಕೊಲ್ಲಿಯಲ್ಲಿ ಮೊನೊಪೊರೇಯದ ಸಂಖ್ಯೆಯು ಬಹಳ ಕುಸಿಯಿತು. ಅದರ ಬೆನ್ನಿಗೇ ಹೊಸ ಹುಳುವು ಹೆಚ್ಚಿತು. ಹಾಗೆಂದು ಹುಳುವೇ ಅದನ್ನು ಓಡಿಸಿತೆಂದು ತೀರ್ಪು ಕೊಡುವುದು ಅವಸರವಾದೀತು. ಮನೆಯು ಬರಿದಾದ ಮೇಲೆ ಬಂದು ನೆಲಸಿದವನನ್ನು ಮನೆಯವರನ್ನು ಹೊರಹಾಕಿದವನೆಂದು ಹೇಳಲಾಗದು. ಆದರೂ ನಷ್ಟವು ನಷ್ಟವೇ: ಮೊನೊಪೊರೇಯವು ಹೆರಿಂಗ್ ಮೀನಿಗೆ ಒಳ್ಳೆಯ ಆಹಾರ, ಕೆಸರಿನ ಆಳದಲ್ಲಿ ಅಡಗಿರುವ ಹುಳುವು ಮೀನಿನ ಬಾಯಿಗೆ ಅಷ್ಟು ಸುಲಭವಾಗಿ ಸಿಗುವುದಲ್ಲ.

ಹುಳುವಿನ ಪರವಾಗಿಯೂ ಸಾಕ್ಷ್ಯವಿದೆ. ಸ್ಟಾಕ್‌ಹೋಮ್ ನಗರದ ಮುಂದೆ ಹರಡಿರುವ ದ್ವೀಪಸಮೂಹದ ನೀರು ಒಂದು ಕಾಲದಲ್ಲಿ ನಗರದ ಕೊಳಚೆಯಿಂದ ಕೆಟ್ಟಿದ್ದಿತು. 1970ರ ದಶಕದಲ್ಲಿ ಕೊಳಚೆಯಿಂದ ರಂಜಕವನ್ನು ತೆಗೆಯುವ ಏರ್ಪಾಡಾಯಿತು. ಮುಂದಿನ ದಶಕಗಳಲ್ಲಿ ತಳಕ್ಕೆ ಅಷ್ಟಿಷ್ಟಾಗಿ ಆಮ್ಲಜನಕವು ಮರಳಿತು. ಹೊಸ ಶತಮಾನದಲ್ಲಿ ಅಲ್ಲಿ ಈ ಹುಳುಗಳು ದಟ್ಟವಾಗಿ ನೆಲಸಿದುವು. 2012ರಲ್ಲಿ ಫಿನ್ಲೆಂಡ್, ಸ್ವೀಡನ್ ದೇಶಗಳ ವಿಜ್ಞಾನಿಗಳು ಗಣಿತದ ಮಾದರಿಯೊಂದನ್ನು ಕಟ್ಟಿ, ಹುಳುಗಳ ಸಂಖ್ಯೆಯು ಸಾಕಷ್ಟಿದ್ದರೆ ವರ್ಷಗಳ ಮೇಲೆ ಕೆಸರು ರಂಜಕವನ್ನು ಹೆಚ್ಚು ಹಿಡಿದಿಡುವುದೆಂದೂ, ತಳದ ಉಸಿರುಕಟ್ಟುವಿಕೆಯು ಕಡಿಮೆಯಾಗಬಹುದೆಂದೂ ತೋರಿಸಿದರು. ಮೊದಲ ದಿನಗಳ ಸೋರಿಕೆಗೂ ವರ್ಷಗಳ ಹಿಡಿತಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯ ಮುಖ್ಯ ವಿಷಯ. ಒಂದು ವಾರದ ಪ್ರಯೋಗವನ್ನು ನೋಡಿ ಹುಳುವನ್ನು ನಿಂದಿಸಿದವನೂ, ಮಾದರಿಯೊಂದನ್ನೇ ನೋಡಿ ಹೊಗಳಿದವನೂ ಅರ್ಧವನ್ನೇ ಕಂಡವರಾಗುವರು.

ಇಲ್ಲಿ ಒಂದು ಸಂಗತಿಯನ್ನು ಕೆಲವರು ಮರೆಯುತ್ತಾರೆ. ಈ ಹುಳುವು ಅಲ್ಪ ಆಮ್ಲಜನಕವನ್ನು ಸಹಿಸುವುದರಲ್ಲಿ ಗಟ್ಟಿಗನೇ ಹೌದು, ಆದರೆ ಸಂಪೂರ್ಣವಾಗಿ ಉಸಿರು ಕಟ್ಟಿದ ತಳದಲ್ಲಿ ಅದೂ ನೆಲಸಲಾರದು. ಬಾಲ್ಟಿಕ್ಕಿನ ಆಳದ ಕಪ್ಪು ಗುಂಡಿಗಳಲ್ಲಿ ಹುಳುವೂ ಇಲ್ಲ, ಉಳುಮೆಯೂ ಇಲ್ಲ. ಸ್ಟಾಕ್‌ಹೋಮಿನ ಮುಂದೆ ಅದು ಕೆಲಸ ಮಾಡಿದ್ದರೆ, ಅದಕ್ಕೆ ಮೊದಲು ನಗರದ ಜನರು ತಮ್ಮ ಕೊಳಚೆಯನ್ನು ಶುದ್ಧಮಾಡಿದ್ದರು. ಹೊಲಗಳಿಂದಲೂ ಊರುಗಳಿಂದಲೂ ಬರುವ ರಂಜಕವು ಹಾಗೆಯೇ ಹರಿಯುತ್ತಿದ್ದರೆ ಹುಳುವು ಇಳಿಯಬಲ್ಲ ನೆಲವೇ ಕಿರಿದಾಗುತ್ತಾ ಹೋಗುವುದು.

ಒಮ್ಮೆ ನೆಲಸಿದ ಹುಳುವನ್ನು ಹಿಂದಕ್ಕೆ ಕಳುಹಿಸುವ ಉಪಾಯವು ಯಾರ ಬಳಿಯಲ್ಲಿಯೂ ಇಲ್ಲ. ಕೋಟ್ಯಂತರ ಬಿಲಗಳನ್ನು ಹುಡುಕಿ ಮುಚ್ಚುವವರಾರು? ಮಾಡಬಹುದಾದುದು ಬಾಗಿಲಲ್ಲಿ ಕಾವಲು ಮಾತ್ರ. ಹಡಗುಗಳು ತಮ್ಮ ತೊಟ್ಟಿಯ ನೀರನ್ನು ತೆರೆದ ಸಾಗರದ ನಡುವೆ ಬದಲಿಸಬೇಕು, ಇಲ್ಲವೆ ಅದರಲ್ಲಿರುವ ಜೀವಿಗಳನ್ನು ಕೊಂದು ಶುದ್ಧಮಾಡಿಯೇ ಚೆಲ್ಲಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದವು 2004ರಲ್ಲಿ ಲಂಡನ್ನಿನಲ್ಲಿ ಸಿದ್ಧವಾಯಿತು. ಸಾಕಷ್ಟು ದೇಶಗಳ ಒಪ್ಪಿಗೆ ದೊರೆತು ಅದು ಜಾರಿಗೆ ಬಂದುದು 2017ನೆಯ ಇಸವಿ ಸೆಪ್ಟೆಂಬರ್ 8ರಂದು. ಜರ್ಮನಿಯ ಕರಾವಳಿಯ ಕೆಸರಿನಲ್ಲಿ ಮೊದಲ ಹುಳು ಸಿಕ್ಕಿ ಆಗಲೇ 32 ವರ್ಷಗಳು ಕಳೆದಿದ್ದುವು.